ಮಗ್ಗುಲು

ಕೈ ಒರಟು ನನ್ನದು. ಇಪ್ಪತ್ತೆರಡು ವರ್ಷ
ಜಲಸಂಧಿಯ ತಣ್ಣೀರಿನಿಂದ ಏಡಿಬುಟ್ಟಿ ಎಳೆದ ಕೈ.
ಹಗ್ಗ ತಿಂದುಬಿಟ್ಟ ಅಂಗೈಗೆ
ಬಿಸಿ ಯಾವುದು, ಬೆಚ್ಚಗೆ ಯಾವುದು ತಿಳಿಯದು.
ಅದಕ್ಕೇ ನರ್ಸ್ ಎದಿತಾ ಹೇಳಿಕೊಟ್ಟಳು:
ಮಣಿಕಟ್ಟಿನ ಒಳಮೈಯಿಂದ ಮುಟ್ಟು, ದಾಂಕೋನ ಅಪ್ಪಾ,
ಅಲ್ಲಿನ್ನೂ ಚರ್ಮ ಉಳಿದಿದೆ ನಿನಗೆ.

ಹನ್ನೊಂದಕ್ಕೆ ಬೆನ್ನು.
ಒಂದಕ್ಕೆ ಎಡಮಗ್ಗುಲು, ಸ್ವಲ್ಪ ಓರೆ.
ಮೂರಕ್ಕೆ ಬಲ.
ಐದಕ್ಕೆ ಯಾಸ್ನಾ ಏಳುತ್ತಾಳೆ, ಬೇಕರಿಗೆ ಹೊರಡುವ ಮುಂಚೆ.

ಹೊರಗೆ ಪುಂತಾ ಅರೇನಾಸಿನ ಗಾಳಿ,
ತಗಡಿನ ಸೂರು ಕೀಳುವುದೊಂದು ಬಾಕಿ.
ಬೀದಿಮೂಲೆಯಲ್ಲಿ ಜನ ಹಿಡಿದು ನಡೆಯಲೆಂದು
ಹಗ್ಗ ಕಟ್ಟಿದ್ದಾರೆ ಈ ಊರಲ್ಲಿ.
ಒಳಗೆ ಯಂತ್ರ, ಅವನ ಪಾಲಿನ ಗಾಳಿಯನ್ನು
ಅಳೆದು, ಬೆಚ್ಚಗೆ ಮಾಡಿ ಕೊಡುತ್ತದೆ,
ಸಾಲ ಹೇಳದ ಅಂಗಡಿಯವನ ಹಾಗೆ.

ಆರು ವರ್ಷ. ಹದಿಮೂರು ಕೆ.ಜಿ.
ನನ್ನ ಒಂದು ಬುಟ್ಟಿ ಏಡಿ ಇದಕ್ಕಿಂತ ಭಾರ.

ನಾನು ಹುಡುಕುತ್ತಿದ್ದುದು ಹಿಮ್ಮಡಿಯಲ್ಲಿ, ಸೊಂಟದಲ್ಲಿ,
ಮಾಸ್ಕು ಕೂರುವ ಮೂಗಿನ ದಂಡೆಯಲ್ಲಿ,
ಪಟ್ಟಿ ಹಾಯುವ ಕಿವಿಯ ಹಿಂದೆ.
ಅದು ಬಂದದ್ದು ಬೇರೆ ಬಾಗಿಲಿನಿಂದ.

ಜೂನ್ ತಿಂಗಳು. ಬೆಳಕು ಏಳೆಂಟು ಗಂಟೆಯಷ್ಟೇ ಇರುವ ಕಾಲ.
ಯಾಸ್ನಾ ತಂಗಿಯ ಬಾಣಂತನಕ್ಕೆ ಪೊರ್ವೆನಿರಿನಲ್ಲಿ.
ನಾಲ್ಕು ದಿನ ದೋಣಿಯಲ್ಲಿದ್ದು ಬಂದವನು
ಒಂದರ ಅಲಾರಾಂ ಕೇಳಿಸಿಕೊಂಡೆ. ಆರಿಸಿದೆ.
ಇನ್ನೈದು ನಿಮಿಷ ಅಂದೆ, ಯಾರಿಗೆ ಅಂದೆನೋ.
ಎಚ್ಚರವಾದಾಗ ಏಳೂವರೆ.

ಕೂದಲು ಸರಿಸಿ ನೋಡಿದರೆ ಹಿಂದಲೆಯಲ್ಲಿ
ನೂರು ಪೆಸೊ ನಾಣ್ಯದಷ್ಟು ಕೆಂಪು.
ಬೆರಳಿಟ್ಟು ಒತ್ತಿದೆ, ಕಲಿಸಿದ್ದ ಹಾಗೆ.
ಬೆಳ್ಳಗಾಗಬೇಕು, ಬಿಟ್ಟರೆ ಕೆಂಪು ಮರಳಬೇಕು,
ಅಲೆ ಹೋಗಿ ಬಂದಂತೆ.
ಬೆಳ್ಳಗಾಗಲಿಲ್ಲ.
ಅಲೆ ಹೋಗಲೇ ಇಲ್ಲ.

ನೋವಿದ್ದಲ್ಲಿ ತಿಕ್ಕು ಎಂಬುದು ನಮ್ಮಜ್ಜಿಯ ವೈದ್ಯ.
ತಿಕ್ಕಲು ಕೈ ಚಾಚಿದ್ದೆ, ಎದಿತಾ ಒಳಗೆ ಬಂದಳು,
ಗಾಳಿಗೆ ಕೆದರಿದ ತಲೆ, ಕೈಯಲ್ಲಿ ಚೀಲ.
ಉಜ್ಜಬೇಡ, ಒಳಗೆ ಆಗಲೇ ಹರಿದಿದೆ.
ಮುಚ್ಚಿಡಲೂ ಬೇಡ. ಎಷ್ಟು ಹೊತ್ತು, ಅದನ್ನು ಹೇಳು.
ಮೂರು ಗಂಟೆ ಅಂದೆ.
ಅವಳು ಪೆನ್ನು ಹಿಡಿದು ಕಾದಳು.
ಎಂಟೂವರೆ ಅಂದೆ.
ಬರೆದುಕೊಂಡಳು, ದಕ್ಕೆಯಲ್ಲಿ ತೂಕ ಬರೆಯುವವರ ಮುಖದಲ್ಲಿ,
ಬಯ್ಯಲೂ ಇಲ್ಲ, ಸಮಾಧಾನಕ್ಕೂ ಬರಲಿಲ್ಲ.

ಹದಿಮೂರೇ ಕೆ.ಜಿ.ಯ ಹುಡುಗ.
ಒತ್ತಿದ್ದು ಭಾರವಲ್ಲ, ಹೊತ್ತು.

ಮೂರನೆಯ ದಿನ ಕಪ್ಪಾಯಿತು. ಆಮೇಲೆ ಬಾಯಿ ಬಿಟ್ಟಿತು.
ಒಂಬತ್ತು ವಾರ: ತೊಳೆ, ಸ್ಪಂಜಿನ ಪಟ್ಟಿ ಅಂಟಿಸು,
ಕಾಗದದ ಅಳತೆ ಪಕ್ಕಕ್ಕಿಟ್ಟು ಫೋಟೋ ತೆಗೆ.
ಹೊಟ್ಟೆಯ ನಳಿಕೆಗೆ ಪ್ರೋಟೀನ್ ಹೆಚ್ಚಿಸಿದರು.
ಗಾಯಕ್ಕೂ ಹಸಿವಾಗುತ್ತದೆ ಅಂದಳು ಪಥ್ಯ ಬರೆಯುವ ಹುಡುಗಿ.
ನಡುವೆ ತೂತಿರುವ ದಿಂಬೊಂದನ್ನು ದುಬಾರಿ ಬೆಲೆಗೆ ತಂದಿದ್ದೆ,
ಅದರ ಅಂಚೇ ಒತ್ತುತ್ತದೆ, ನಾಯಿಗೆ ಹಾಕು ಅಂದಳು ಎದಿತಾ.
ನಾಯಿ ಈಗಲೂ ಅದರಲ್ಲೇ ಮಲಗುತ್ತದೆ, ರಾಜನಂತೆ.

ದಾಂಕೋ ಮಾತಾಡುವುದಿಲ್ಲ.
ನೋವಾದರೆ ಎಡಹುಬ್ಬು ಒಂದಿಷ್ಟು ಏಳುತ್ತದೆ.
ಆ ರಾತ್ರಿ ಅದು ಎಷ್ಟು ಸಲ ಎದ್ದಿತೋ
ಕತ್ತಲಿಗೆ ಗೊತ್ತು. ಯಂತ್ರ ಉಸಿರನ್ನಷ್ಟೇ ಎಣಿಸಿತ್ತು.

ಈಗಲ್ಲಿ ಕೂದಲು ಹುಟ್ಟುವುದಿಲ್ಲ.
ಯಾಸ್ನಾ ಉದ್ದ ಬಿಡಿಸಿ ಬಾಚಿ ಮುಚ್ಚುತ್ತಾಳೆ.
ಸ್ನಾನದ ದಿನ ನಾನು ತೆರೆದು ನೋಡುತ್ತೇನೆ.

ಮೊನ್ನೆ ಮೂರಕ್ಕೆ, ಎಳೆಯದೆ ಎತ್ತಿ ಹೊರಳಿಸಿ,
ಹಿಮ್ಮಡಿಗಳನ್ನು ದಿಂಬಿನಾಚೆ ತೇಲಬಿಟ್ಟು,
ಮೈಕೆಳಗೆ ನಳಿಕೆ ಸಿಕ್ಕಿಲ್ಲವಷ್ಟೇ ಎಂದು ತಡಕುವಾಗ
ಅವನ ಹೆಬ್ಬೆರಳು ನನ್ನ ಮಣಿಕಟ್ಟಿನ ಮೇಲೆ ಬಂತು.
ಒತ್ತಿದನೋ, ಸುಮ್ಮನೆ ಬಿತ್ತೋ.
ಸರಿದಾಗ ಅಲ್ಲೊಂದು ಬಿಳಿ ಚುಕ್ಕೆ,
ನೋಡನೋಡುತ್ತ ಕೆಂಪಾಯಿತು.

ಮೂರು ಗಂಟೆ, ಬಲ,
ಎಂದು ಗೋಡೆಯ ಹಾಳೆಯಲ್ಲಿ ಬರೆದೆ.
ಗಾಳಿ ಇನ್ನೂ ನಿಂತಿರಲಿಲ್ಲ.