ಬಾಟಲಿಗಳ ಲೆಕ್ಕ

ಪೊನ್ನಂಪೇಟೆಯ ಮೈದಾನ, ಬೆಳಗಿನ ಆರೂಕಾಲು.
ಮಂಜಿನಲ್ಲಿ ಗೋಲು ಕಾಣುವುದಿಲ್ಲ,
ಚೆಂಡು ಹಲಗೆಗೆ ಬಡಿದ ಸದ್ದಷ್ಟೇ.
ನನ್ನದು ಬೆಂಚು. ಸ್ಟಿಕ್ಕಿಗಿಂತ ಹೆಚ್ಚು
ಕೈಯಲ್ಲಿ ಹಿಡಿದದ್ದು ಹದಿನಾಲ್ಕು ಬಾಟಲಿ.

ಯಾರ ದಾಹ ಹೇಗೆಂದು ನನ್ನನ್ನು ಕೇಳಿ.
ಪೊನ್ನವ್ವ ಗಟಗಟ ಸುರಿದುಕೊಂಡು
ಆಮೇಲೆ ಹೊಟ್ಟೆ ಹಿಡಿದು ಕೂರುವವಳು.
ಜುಬೈದಾ ಅರ್ಧ ಬಾಯಿಗೆ, ಅರ್ಧ ನೆತ್ತಿಗೆ.
ಗೋಲ್‌ಕೀಪರ್ ಚೋಂದಮ್ಮನಿಗೆ ನಿಂಬೆ, ಉಪ್ಪು,
ಸಕ್ಕರೆ ಒಂದೇ ಚಿಟಿಕೆ.
ಖಾಲಿ ಹೊಟ್ಟೆಯಲ್ಲಿ ಓಡಬೇಡಿ ಅಂತ ಕೋಚ್ ಮಾಚಯ್ಯ
ಎರಡೆರಡು ಪುಟ್ಟಬಾಳೆ ಹಂಚುತ್ತಾರೆ,
ಸಿಪ್ಪೆಯ ಲೆಕ್ಕವನ್ನೂ ಕೇಳುತ್ತಾರೆ, ಮಿಲಿಟರಿ ಮನುಷ್ಯ.
ಆಟ ಮುಗಿದ ಮೇಲೆ ಯಾರದೋ ಮನೆಯ
ತಣ್ಣಗಾದ ಕಡಂಬುಟ್ಟು, ಬೇಯಿಸಿದ ಮೊಟ್ಟೆ.

ದೇಚಿಯ ಬಾಟಲಿ ಮಾತ್ರ
ಕೊಟ್ಟ ಹಾಗೇ ವಾಪಸ್ಸು.
'ಈ ಚಳಿಗೆ ಯಾರಿಗೆ ಬಾಯಾರುತ್ತೆ' ಅಂತಾಳೆ.
ಮಂಜು ಮೋಸಗಾರ, ನಿಜ;
ಬೆವರು ಜರ್ಸಿಯೊಳಗೇ ಇಂಗಿಬಿಡುತ್ತೆ.
ಮೂರನೇ ಕ್ವಾರ್ಟರಿಗೆ ಅವಳ ಮೀನಖಂಡ ಕಲ್ಲು.

ಉಪ್ಪು ಕಮ್ಮಿ ಅಂದರು, ನಿದ್ದೆ ಸಾಲದು ಅಂದರು.
ನಾನು ಕಾಲು ತಿಕ್ಕುತ್ತಿದ್ದೆ.
ಕಿವಿಯ ಹತ್ತಿರ ಹೇಳಿದಳು:
'ಕುಡಿದರೆ ಹೋಗಬೇಕಲ್ಲ.
ಆ ಬಾಗಿಲಿಗೆ ಚಿಲಕ ಎಲ್ಲಿದೆ?'

ಗೋಣಿಕೊಪ್ಪಲಿನ ಅಂಗಡಿಯಲ್ಲಿ ಚಿಲಕಕ್ಕೆ
ಅರವತ್ತು ರೂಪಾಯಿ, ನಾಲ್ಕು ಸ್ಕ್ರೂ ಪುಕ್ಕಟೆ.
ಮಾಚಯ್ಯ ಮಾತಿಲ್ಲದೆ ತಿರುಪು ಹಾಕಿದರು,
ನಾನು ಬಾಗಿಲು ಹಿಡಿದಿದ್ದೆ.
ಅವರು ನನ್ನ ಮುಖ ನೋಡಲಿಲ್ಲ,
ಇಪ್ಪತ್ತು ವರ್ಷದ ಕೋಚು.

ಇವತ್ತು ದೇಚಿಯ ಬಾಟಲಿ ಹಗುರ.
ತಳದಲ್ಲಿ ಎರಡು ಗುಟುಕು ಉಳಿದಿತ್ತು,
ನಾನೇ ಕುಡಿದೆ.
ಹದಿನಾಲ್ಕರಲ್ಲಿ ನನ್ನದೊಂದು ಇಲ್ಲ,
ಈಗಷ್ಟೇ ಎಣಿಸಿದೆ.