ಉಪ್ಪಿನ ಡಬ್ಬಿಯ ಹಿಂದೆ

ಕಾಮಾಕ್ಷಿಪಾಳ್ಯ. ಸೈಕಲ್ ಶಾಪಿನ ಮೇಲಿನ ಕೋಣೆ,
ಭಾನುವಾರ ರಾತ್ರಿ ಎಂಟೂವರೆ.
ಹಳೆ ಕ್ಯಾಲೆಂಡರಿನ ಬೆನ್ನಿಗೆ ಎಳೆದ ಚೌಕಗಳು,
ಬೆಂಕಿಪೊಟ್ಟಣ ಗೋಡೆ, ಉಪ್ಪಿನ ಡಬ್ಬಿ ಕಂಬ,
ಹುರಿದ ಕಡಲೆಬೀಜ ಏಳು: ರಾಕ್ಷಸರು.
(ಮೊದಲು ಒಂಬತ್ತಿದ್ದರು. ಹೊನ್ನಪ್ಪನಿಗೆ ಹಸಿವು.)

ವಾರವಿಡೀ ನಾನು ಬಸ್ ಕಂಡಕ್ಟರು.
ಸರದಿ ಎಂಬುದನ್ನು ಈ ಊರಲ್ಲಿ ಕಂಡವಳಲ್ಲ,
ಮೆಜೆಸ್ಟಿಕ್ಕಿನಲ್ಲಿ ಮೊಣಕೈಯೇ ಸರದಿ.
ಇಲ್ಲಿ ಮಾತ್ರ ಇಪ್ಪತ್ತು ಮುಖದ ದಾಳ ಉರುಳಿ
ಹತ್ತೊಂಬತ್ತು ಬಿದ್ದವಳು ಮೊದಲು, ಮೂರು ಬಿದ್ದವನು ಕೊನೆ,
ನಡುವೆ ರಾಕ್ಷಸರೂ ತೆಪ್ಪಗೆ ಕಾಯುತ್ತಾರೆ.
ಟಿಕೆಟ್ ರೋಲಿನ ತುಂಡಿನ ಮೇಲೆ ಬರೆದಿಡುತ್ತೇನೆ:
ಶಮೀನ್. ರಾಕ್ಷಸರು. ಹೊನ್ನಪ್ಪ. ದಮಯಂತಿ. ಎಲಿಯಾಸ್.

ಅಡ್ಡ ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.
ದಪ್ಪ ಬ್ಯಾಗಿನ ಹಿಂದೆ ಕುಗ್ಗಿ ಕೂತ ಹುಡುಗ: ಅರ್ಧ ಅಡ್ಡ,
ಅವನಿಗೆ ಬಾಣ ತಾಗುವುದು ಎರಡಂಕ ಕಷ್ಟ.
ಸೀಟಿನ ಸಂದಿಯಲ್ಲಿ ಮೂಗು ಮಾತ್ರ ಕಂಡರೆ ಮುಕ್ಕಾಲು, ಐದಂಕ.
ಪೂರ್ತಿ ಗೋಡೆಯಾದರೆ ಗುರಿಯೇ ಇಲ್ಲ.
ಆದರೆ ಅಡ್ಡ ನಿಲ್ಲುವುದು ಬೇರೆ, ಅಡಗುವುದು ಬೇರೆ.
ನೀನು ಓಡಿದ್ದನ್ನು ಎಲ್ಲರೂ ನೋಡಿದ್ದರೆ
ಗೋಡೆ ಬರೀ ಗೋಡೆ.
ಅಡಗಬೇಕಾದರೆ ಉಸಿರು ಒಪ್ಪಬೇಕು, ದಾಳವೂ ಒಪ್ಪಬೇಕು.
ಟಿಕೆಟ್ ತಗೊಳ್ಳದವನು ನಿದ್ದೆ ನಟಿಸುವಾಗ
ರೆಪ್ಪೆ ಅಲುಗುತ್ತದೆ. ಸೋತ.

ಎಲಿಯಾಸ್ ಪ್ಲೇಟಿಂಗ್ ಕೆಲಸದವನು, ಉಗುರಿನಂಚು ಹಸಿರು.
ಮೂರು ಭಾನುವಾರದಿಂದ ಅವನ ಬಿಲ್ಲುಗಾರ
ಉಪ್ಪಿನ ಡಬ್ಬಿಯ ಹಿಂದೆ.
(ಆಟದ ಲೆಕ್ಕದಲ್ಲಿ ಅದು ಒಂದು ನಿಮಿಷವೂ ಅಲ್ಲ.)
"ಎಲಿಯಾಸ್, ನಿನ್ನ ಸರದಿ."
"ಅಡಗ್ತೀನಿ."
ಹದಿನೆಂಟು. ಹದಿನಾರು. ಮತ್ತೆ ಹದಿನೆಂಟು,
ಬೇಕಾದಾಗ ಯಾರಿಗೂ ಬೀಳದ ಅಂಕಗಳು.
ಬಾಣ ಬಿಟ್ಟರೆ ಅಡಗಿದ್ದು ಬಯಲು, ಗೊತ್ತು.
ದಮಯಂತಿ ಕೊನೆಯುಸಿರಿಗೆ ಬಂದರೂ ಬಿಡಲಿಲ್ಲ.
ಶಮೀನ್ ಬೈದಳು.
ಯಾಕೆ ಅಂತ ಮಾತ್ರ ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು.
"ಕತ್ತಲೆ ಅಡ್ಡ ಆಗುತ್ತಾ?" ಹೊನ್ನಪ್ಪ.
"ಆಗಲ್ಲ. ಕತ್ತಲೆ ಮರೆ ಮಾಡುತ್ತೆ, ಬಾಣ ತಡೆಯಲ್ಲ."
ಮರೆ. ಆ ಮಾತು ಬಾಯಲ್ಲೇ ನಿಂತಿತು.
ಮರೆ ಅಂದರೆ ಪರದೆ. ಮರೆ ಅಂದರೆ ನೆನಪಿಡಬೇಡ.
ನಮ್ಮ ಭಾಷೆ ಎರಡಕ್ಕೂ
ಒಂದೇ ಟಿಕೆಟ್ ಹರಿದುಕೊಟ್ಟಿದೆ.
ರಾಕ್ಷಸರಿಗೆ ಅವನು ಕಾಣುತ್ತಿಲ್ಲ, ಸರಿ;
ಚೀಟಿಯಲ್ಲಿ ಐದನೆಯ ಹೆಸರು ಹಾಗೇ ಇದೆ,
ಸುತ್ತು ಬಂದಾಗ ನಾನು ಕೂಗಲೇಬೇಕು.

"ಎಲಿಯಾಸ್."
ದಾಳದ ಸದ್ದು ಕ್ಯಾಲೆಂಡರ್ ದಾಟಿ, ಚಾಪೆ ದಾಟಿ,
ಮಂಚದ ಕೆಳಗೆ.
"ಅಡಗ್ತೀಯಾ?"
"ಇಲ್ಲ. ಬಾಣ."

ಮೊಬೈಲ್ ಬೆಳಕು ಹಿಡಿದು ಎಲ್ಲರೂ ಬೋರಲು.
ಒಂಟಿ ಚಪ್ಪಲಿ, ಸೈಕಲ್ ಪೆಡಲ್,
ಕಳೆದ ತಿಂಗಳು ತಪ್ಪಿಸಿಕೊಂಡ ಒಬ್ಬ ರಾಕ್ಷಸ.
ದಾಳ ಗೋಡೆಗೆ ಒರಗಿ ಓರೆಯಾಗಿ ನಿಂತಿದೆ,
ಏಳೂ ಅಲ್ಲ, ಹದಿನೇಳೂ ಅಲ್ಲ.
ಮತ್ತೆ ಹಾಕಲಿ, ಶಮೀನ್. ಹದಿನೇಳೇ, ಹೊನ್ನಪ್ಪ.
ಜಗಳದ ನಡುವೆ ಕರೆಂಟ್ ಬಂತು.
ಎಲಿಯಾಸ್ ಇನ್ನೂ ಮಂಚದ ಕೆಳಗೇ, ಕಾಲು ಮಾತ್ರ ಹೊರಗೆ.
"ಮುಕ್ಕಾಲು ಅಡ್ಡ," ಅಂದಳು ದಮಯಂತಿ,
ಸಾಯುತ್ತಿದ್ದವಳು.