ಲಾಭ, ಎರಡು, ಮೂರು

ಹನ್ನೊಂದನೆಯ ಕುಳಿ. ಆಗಶಿ ದಾಟಿ, ಜುವಾರಿ ಸೇತುವೆಗಿಂತ ಈಚೆ,
ಹೆದ್ದಾರಿ ಪ್ರತಿ ಮಳೆಗಾಲ ನಾಲ್ಕು ಬೆರಳು ಕೂರುವ ಜಾಗ.
ಮುಕ್ಕಾಲಿಯ ನೆತ್ತಿಯಿಂದ ಸುತ್ತಿಗೆ ಬೀಳುತ್ತದೆ:
ಅರವತ್ತಮೂರೂವರೆ ಕಿಲೋ, ಎಪ್ಪತ್ತೈದು ಸೆಂಟಿಮೀಟರ್,
ಎಲ್ಲಿ ಹೋದರೂ ಇಷ್ಟೇ ತೂಕ, ಇಷ್ಟೇ ಎತ್ತರ.
ಎಣಿಕೆ ಮಾತ್ರ ಹುನಗುಂದದ್ದು.
ಹಗ್ಗ ಬಿಡುತ್ತ ಮುದಕಪ್ಪ ಒಂದು ಅನ್ನುವುದಿಲ್ಲ,
ಜೋಳ ಅಳೆಯುವವರ ಹಾಗೆ
'ಲಾಭ' ಅನ್ನುತ್ತಾನೆ. ಆಮೇಲೆ ಎರಡು, ಮೂರು.

ನಾನು ಕೊಡೆಯ ಕೆಳಗೆ, ಮೊಣಕಾಲ ಮೇಲೆ ಫಾರಂ ಇಟ್ಟು
ಲಾಭವನ್ನು ಒಂದು ಎಂದು ಬರೆದುಕೊಳ್ಳುತ್ತೇನೆ.

ಮೊದಲು ಬಂದದ್ದು ಡಾಂಬರು.
ಒಂದು ಪದರವಲ್ಲ, ಏಳು.
ಕೂತಾಗಲೆಲ್ಲ ಮೇಲೆ ಸುರಿದದ್ದು.
ಕೋರ್ ಪೆಟ್ಟಿಗೆಯಲ್ಲಿ ಅಡ್ಡ ಮಲಗಿಸಿದರೆ
ಬೆಬಿಂಕಾ ತುಂಡಿನ ಹಾಗೆ ಗೆರೆ ಗೆರೆ.
'ಇದರಾಗ ಒಂದು ನಮ್ಮವ್ವ ಹಾಕಿದ್ದು ಬಾಯಾರ,
ಯಾವುದಂತ ಗುರ್ತು ಹತ್ತವಲ್ದು,'
ಮುದಕಪ್ಪ ಬೆರಳಾಡಿಸಿದ, ಕೆಳಗಿನಿಂದ ಮೇಲಕ್ಕೆ,
ಮೂರನೆಯದರ ಮೇಲೆ ಸ್ವಲ್ಪ ನಿಂತು.
ಆಮೇಲೆ ಜಂಬಿಟ್ಟಿಗೆ ಚೂರು, ಕೆಂಪು ಗರಸು.
ಹದಿನೆಂಟು, ಇಪ್ಪತ್ತೆರಡು. ಎಣಿಕೆ ಗಟ್ಟಿ,
ಎಣಿಸುವ ದನಿಯೂ.

ಮೂರು ಮೀಟರಿಗೆ ಸುತ್ತಿಗೆ ಎತ್ತಿದರು, ಬಿಟ್ಟರು.
'ಲಾಭ'
ಅಷ್ಟೇ.
ಒಂದೇ ಪೆಟ್ಟಿಗೆ ನಲವತ್ತೈದು ಸೆಂಟಿಮೀಟರೂ ಒಳಗೆ.
ಸೀಳುಕೊಳವೆ ಬಿಚ್ಚಿದರೆ
ಎಮ್ಮೆ ಕೆಚ್ಚಲಿನ ಬಣ್ಣದ ಜೇಡಿ,
ನಡುವೆ ಚಿಪ್ಪಿನ ಚೂರು, ಕಾಂಡ್ಲದ ಬೇರು ಕೊಳೆತ ವಾಸನೆ.
ಒತ್ತಿ ನೋಡಿದೆ, ಹೆಬ್ಬೆರಳು ಬುಡದವರೆಗೆ ಹೋಯಿತು.
ನಾಲ್ಕೂವರೆಗೆ, ಲಾಭ.
ಆರಕ್ಕೆ, ಲಾಭ.
ಏಳೂವರೆಗೆ ಸುತ್ತಿಗೆ ಎತ್ತಲೇ ಇಲ್ಲ,
ಸರಳು ತನ್ನ ಭಾರಕ್ಕೇ ಇಳಿಯಿತು.
ಮುದಕಪ್ಪ ಹಗ್ಗ ಹಿಡಿದೇ ನಿಂತ.
'ಇದಕ್ಕೇನಂತ ಬರೀತೀರಿ?'
ಸೊನ್ನೆ ಅಂದೆ.
ಅವನಿಗದು ಒಪ್ಪಿಗೆಯಾಗಲಿಲ್ಲ,
ಖಾಲಿ ಸೇರನ್ನು ಯಾರೂ ಎಣಿಸುವುದಿಲ್ಲವಲ್ಲ.

ಖಾಜನ್ ಗದ್ದೆಯ ಏರಿ ಮೇಲಿಂದ ಇನಾಸ್ ಬಂದ,
ಭರತ ಇಳಿತ ನೋಡಿ ತೂಬಿನ ಬಾಗಿಲು ಎತ್ತುವವ.
ಕೈಯಲ್ಲಿ ದಾರ, ದಾರದಲ್ಲಿ ನಾಲ್ಕು ಏಡಿ.
ಪೆಟ್ಟಿಗೆ ನೋಡಿ ಅವನಿಗೇನೂ ಆಶ್ಚರ್ಯವಾಗಲಿಲ್ಲ.
ಅಜ್ಜನ ಕಾಲಕ್ಕೆ ಇಲ್ಲಿ ದೋಣಿ ತಿರುಗುತ್ತಿತ್ತಂತೆ,
ರಸ್ತೆ ಬಂದಾಗ ಒಂದೇ ಒಂದು ಮೋರಿ ಇಟ್ಟರಂತೆ.
ನೀರಿಗೆ ಎಷ್ಟು ಬಾಗಿಲು ಬರೆಯುತ್ತೀರಿ, ಕೊಂಕಣಿಯಲ್ಲಿ ಕೇಳಿದ.
ಎರಡು, ಅಂದೆ.
ಏಡಿಗಳನ್ನೇ ನೋಡುತ್ತ ತಲೆಯಾಡಿಸಿದ,
ಹೌದೋ ಅಲ್ಲವೋ ತಿಳಿಯದ ಹಾಗೆ.
ಮೂರು ಎಂದು ತಿದ್ದಿಕೊಂಡೆ.

ರಾತ್ರಿ ಪಣಜಿಯ ಲಾಡ್ಜಿನಲ್ಲಿ ಶಿಫಾರಸು:
ಹಳೆಯ ಡಾಂಬರು ಪೂರ್ತಿ ಕೀಳಬೇಕು, ಏಳೂ ಪದರ,
(ಇಲ್ಲಿ ಪೆನ್ನು ಸ್ವಲ್ಪ ತಡೆಯಿತು)
ಎಂಟನೆಯದು ಬೇಡ.
ಜೇಡಿಯನ್ನು ಅಗೆದು ಮುಗಿಸಲಾಗದು.
ದೀಪಕ್ಕಿಟ್ಟ ಹಾಗೆ ಅದರೊಳಗೆ ಬತ್ತಿ ಇಳಿಸಿ,
ಎಣ್ಣೆಯ ಬದಲು ನೀರು ಮೇಲೇರಲಿ.
ಮರಳಿನ ಹಾಸು, ಅದರ ಮೇಲೆ ಗರಸು,
ಇಪ್ಪತ್ತು ಸೆಂಟಿಮೀಟರಿಗೊಮ್ಮೆ ರೋಲರು.
ಗದ್ದೆಯ ಏರಿಯಿಂದ ಒಂದು ಬುಟ್ಟಿ ಮಣ್ಣೂ ತೆಗೆಯಕೂಡದು.
ರಸ್ತೆಯ ಮಟ್ಟಕ್ಕಿಂತ ಎರಡು ಮೀಟರ್ ಹೆಚ್ಚಿಗೆ ಹೇರಿ
ಒಂಬತ್ತು ತಿಂಗಳು ಕಾಯಬೇಕು.

ಬೆಳಿಗ್ಗೆ ಫೋನು, ಗುತ್ತಿಗೆ ಕಂಪನಿಯ ಗಾಂವಸ್:
'ಎಲ್ಲ ಸರಿ ಮೇಡಂ, ಒಂಬತ್ತನ್ನು ಮೂರು ಮಾಡಿ.
ಸುಮ್ಮನೆ ಕೂತ ಮಣ್ಣಿಗೆ ಬಿಲ್ಲು ಮಾಡುವುದು ಹೇಗೆ?
ನೆಲವೇನು ಬಸುರಿಯೇ?'
ತಾನೇ ನಕ್ಕು ತಾನೇ ನಿಲ್ಲಿಸಿದ.

ಫೋನಿಟ್ಟು ಮೂಲ ಫಾರಂ ತೆಗೆದೆ.
ಆರು ಮೀಟರಿನ ಎದುರು, ಜೇಡಿ ಮೆತ್ತಿದ ಹೆಬ್ಬೆಟ್ಟಿನ ಪಕ್ಕ,
ಅಂಕಿ ಇರಬೇಕಾದಲ್ಲಿ ನನ್ನದೇ ಕೈಬರಹ:
ಲಾಭ.
ಟೈಪು ಮಾಡುವಾಗ ಅದು ಒಂದು ಆಯಿತು.
ಒಂಬತ್ತು ಒಂಬತ್ತಾಗಿಯೇ ಉಳಿಯಿತು.

ಹೊರಗೆ ಜೀಪಿನ ಮೇಲೆ ಮುಕ್ಕಾಲಿ ಕಟ್ಟುತ್ತಿದ್ದರು.
ಹನ್ನೆರಡನೆಯ ಕುಳಿ, ಭರತ ಬರುವ ಮೊದಲು.